ಓಡುವವರಿಗಾಗಿ ನಿಂತವರು

ಶಿವರಾತ್ರಿ ಹತ್ತಿರ ಬಂತೆಂದರೆ ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ಹಾದು ತಾಳಬೆಟ್ಟಕ್ಕೆ ಹೋಗುವ ರಸ್ತೆಯ ಅಂಚಿನುದ್ದಕ್ಕೂ ಜನ ಸಾಲುಗಟ್ಟುತ್ತಾರೆ. ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿ.ಮೀ. ಅಷ್ಟನ್ನೂ ನಡೆದೇ ಮುಗಿಸುವವರು, ಕನಕಪುರದ ಕಡೆಯಿಂದ ಹೊರಟು ಸಂಗಮದ ಆಚೆ ಹಗ್ಗ ಹಿಡಿದು ಕಾವೇರಿ ದಾಟಿ ಕಾಡುದಾರಿಯಲ್ಲಿ ಬರುವವರು, ತಾಳಬೆಟ್ಟದವರೆಗೆ ಬಸ್ಸಿನಲ್ಲಿ ಬಂದು ಅಲ್ಲಿಂದ ಬೆಟ್ಟ ಹತ್ತುವವರು, ಎಲ್ಲರೂ ಉಘೇ ಮಾದಪ್ಪ ಎನ್ನುತ್ತ ಸಾಗುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಅವರ ಫೋಟೊ ಬರುತ್ತದೆ. ಅದೇ ಫೋಟೊದ ಮೂಲೆಯಲ್ಲಿ ಅರ್ಧ ಕತ್ತರಿಸಿಹೋದ ಶಾಮಿಯಾನ, ಅದರ ಕೆಳಗೆ ಮಜ್ಜಿಗೆಯ ಡ್ರಮ್ಮಿನ ಪಕ್ಕ ಸೌಟು ಹಿಡಿದು ನಿಂತ ಒಂದಿಬ್ಬರು ಕಂಡರೂ ಕಾಣಬಹುದು. ಈ ಲೇಖನ ಅವರ ಕುರಿತದ್ದು. ಅದೇ ಚಾಮರಾಜನಗರ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಗುಂಡ್ಲುಪೇಟೆಯ ರಸ್ತೆ ಕೂಡುವಲ್ಲಿ, ದೂರದ ಸೈಕಲ್ ಸವಾರರು ಬರುತ್ತಾರೆಂದು ಕಾದು ಕೂರುವವರ ಕುರಿತದ್ದೂ ಹೌದು. ಇವರಿಬ್ಬರಿಗೂ ಪರಸ್ಪರ ಪರಿಚಯವಿಲ್ಲ. ಮಾಡುವ ಕೆಲಸ ಮಾತ್ರ ಒಂದೇ. ನನ್ನ ವಾದ ಇಷ್ಟು: ದೂರದ ಓಟವನ್ನಾಗಲಿ ನಡಿಗೆಯನ್ನಾಗಲಿ ನಡೆಸುವವರು ನಿಂತವರೇ. ಹಾಗೆ ನಿಲ್ಲುವುದು ಬಿಡುವಿದ್ದವರ ಪುಣ್ಯದ ಕೆಲಸವಾಗಿ ಉಳಿದಿಲ್ಲ, ಕಲಿಯಬೇಕಾದ ವಿದ್ಯೆಯಾಗಿದೆ. ಆದ್ದರಿಂದ ಓಡುವ ಆಸೆಯಿರುವವರು ಎದೆಗೆ ನಂಬರು ಕಟ್ಟಿಕೊಳ್ಳುವ ಮೊದಲು ಒಂದು ರಾತ್ರಿಯಾದರೂ ನಿಂತು ನೋಡಬೇಕು.

ಗುಂಡ್ಲುಪೇಟೆಯಿಂದಲೇ ಶುರು ಮಾಡೋಣ. ಮೈಸೂರಿನಿಂದ ಬಂದ ಹೆದ್ದಾರಿ ಇಲ್ಲಿ ಎರಡಾಗಿ ಒಡೆಯುತ್ತದೆ; ಒಂದು ವಯನಾಡಿಗೆ, ಇನ್ನೊಂದು ಬಂಡೀಪುರ ಹಾದು ಊಟಿಗೆ. ನೀಲಗಿರಿ ಏರಬೇಕೆನ್ನುವ ಸೈಕಲ್ ಸವಾರರಿಗೆ ಈ ಊರೇ ಬಾಗಿಲು. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್‌ನಂಥ ಬಹುದಿನಗಳ ಸವಾರಿಗಳಿಗೂ, ಗಡಿಯಾರದ ಲೆಕ್ಕದಲ್ಲಿ ನಡೆಯುವ ಬ್ರೆವೆ ಸವಾರಿಗಳಿಗೂ ಈ ಸೀಮೆಯ ರಸ್ತೆಗಳು ಚೆನ್ನಾಗಿ ಗೊತ್ತು. ಬ್ರೆವೆಯಲ್ಲಿ ಮೊದಲು ಬಂದವರಿಗೆ ಬಹುಮಾನವಿಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಅಷ್ಟರೊಳಗೆ ಮುಗಿಸಿದರೆ ಸಾಕು. ದಾರಿಯ ಮಧ್ಯೆ ಕಂಟ್ರೋಲ್ ಎಂಬ ತಾಣಗಳಿರುತ್ತವೆ. ಒಂದೊಂದಕ್ಕೂ ತೆರೆಯುವ, ಮುಚ್ಚುವ ಹೊತ್ತು ಗೊತ್ತುಮಾಡಿರುತ್ತಾರೆ, ಅಲ್ಲಿ ಕುಳಿತವರು ಸವಾರನ ಕಾರ್ಡಿಗೆ ಸಮಯ ಬರೆದು ಮುದ್ರೆ ಒತ್ತಬೇಕು. ಈ ತಾಣಗಳ ಹೊರಗೆ ಸವಾರನ ಹಿಂದೆ ಸಹಾಯದ ವಾಹನ ಬರುವಂತಿಲ್ಲ. ನಿಯಮ ಇಷ್ಟು ಬಿಗಿಯಾದ್ದರಿಂದಲೇ ತಾಣದಲ್ಲಿ ಕುಳಿತವರಿಗೆ ಅಷ್ಟು ತೂಕ.

ಒಂದು ಲೆಕ್ಕ ಹಾಕಿ ನೋಡಿ. ಬೆಂಗಳೂರನ್ನು ಬೆಳಗ್ಗೆ 6ಕ್ಕೆ ಬಿಟ್ಟ ಸವಾರನೊಬ್ಬ ನಿಯಮ ಒಪ್ಪುವ ಅತಿ ನಿಧಾನದ ವೇಗದಲ್ಲಿ, ಅಂದರೆ ಗಂಟೆಗೆ 15 ಕಿ.ಮೀ. ಲೆಕ್ಕದಲ್ಲಿ ಬಂದ ಎನ್ನಿ. ಸುಮಾರು 200 ಕಿ.ಮೀ. ದೂರದ ಗುಂಡ್ಲುಪೇಟೆ ಮುಟ್ಟುವಾಗ ರಾತ್ರಿ ಏಳೂಕಾಲು ದಾಟಿರುತ್ತದೆ. ಆತನ ಕಾರ್ಡು ಸರಿಯಾಗಿದೆ, ಕಾಲೂ ನಡೆಯುತ್ತಿದೆ, ಮುಂದೆ ಹೋಗುವ ಹುಮ್ಮಸ್ಸೂ ಇದೆ. ಆದರೆ ಮುಂದಿರುವುದು ಬಂಡೀಪುರ. 2009ರಿಂದ ಈ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಊಟಿ ದಾರಿಯಲ್ಲಿ ಮೇಲುಕಾಮನಹಳ್ಳಿಯಲ್ಲಿ, ವಯನಾಡು ದಾರಿಯಲ್ಲಿ ಮದ್ದೂರಿನಲ್ಲಿ ಗೇಟು ಬೀಳುತ್ತದೆ. ಗೇಟು ಬೀಳುವ ಮೊದಲೇ ಒಳಹೊಕ್ಕರೂ ಕತ್ತಲಾದ ಮೇಲೆ ಆನೆ ರಸ್ತೆ ದಾಟುವ ಹೊತ್ತಿನಲ್ಲಿ ಒಂಟಿ ಸೈಕಲ್ಲಿಗೆ ಅಲ್ಲೇನು ಕೆಲಸ? ಇದನ್ನು ಆ ದಣಿದ ಮನುಷ್ಯನಿಗೆ ಹೇಳಿ ನಿಲ್ಲಿಸುವವರು ಯಾರು? ಆಯೋಜಕರು ಮೊದಲೇ ಹಾಳೆಯ ಮೇಲೆ ಬರೆದಿರಬಹುದು. ಹದಿಮೂರು ಗಂಟೆ ಪೆಡಲು ತುಳಿದವನಿಗೆ ಹಾಳೆ ಕಾಣುವುದಿಲ್ಲ, ಎದುರಿಗಿರುವ ಮುಖ ಕಾಣುತ್ತದೆ. ಇನ್ನು ಮುಂದಕ್ಕಿಲ್ಲ ಎಂದು ಹೇಳುವ ಕೆಲಸ ಮೇಜಿನ ಹಿಂದೆ ಕುಳಿತವರದು. ಸ್ವಯಂಸೇವಕರೆಂದರೆ ಬಾಳೆಹಣ್ಣು ಹಂಚುವವರು ಎಂದುಕೊಂಡವರಿಗೆ ಈ ಭಾಗ ಹೊಳೆದಿರುವುದಿಲ್ಲ.

ಬಾಳೆಹಣ್ಣು ಹಂಚುವುದರಲ್ಲೂ ಒಂದು ಕ್ರಮವಿದೆ ಎನ್ನಿ. ದೂರದ ಓಟದ ನೀರಿನ ತಾಣದಲ್ಲಿ ಲೋಟ ತುಂಬ ಸುರಿಯುವುದಿಲ್ಲ, ಅರ್ಧ ಸುರಿಯುತ್ತಾರೆ. ತುಂಬಿದ ಲೋಟ ಓಡುವವನ ಕೈಗೆ ಹೋಗುವಷ್ಟರಲ್ಲಿ ಚೆಲ್ಲಿ ನೆಲ ಜಾರುತ್ತದೆ. ಹಣ್ಣಿನ ಸಿಪ್ಪೆಯನ್ನು ಅರ್ಧ ಬಿಚ್ಚಿ ಕೊಡಬೇಕು, ಎಂಬತ್ತನೇ ಕಿಲೊಮೀಟರಿನಲ್ಲಿ ಬೆರಳಿಗೆ ಅಷ್ಟು ಸೂಕ್ಷ್ಮ ಉಳಿದಿರುವುದಿಲ್ಲ. ಬಂದವರ ನಂಬರು ಒಬ್ಬರು ಗಟ್ಟಿಯಾಗಿ ಕೂಗಬೇಕು, ಇನ್ನೊಬ್ಬರು ಹೊತ್ತು ಸಮೇತ ಬರೆದುಕೊಳ್ಳಬೇಕು. ಇಬ್ಬರ ಕೆಲಸವನ್ನೂ ಒಬ್ಬರೇ ಮಾಡಹೊರಟರೆ ಮಧ್ಯರಾತ್ರಿ ಒಂದು ನಂಬರು ತಪ್ಪುತ್ತದೆ, ಬೆಳಗಿನ ಹೊತ್ತಿಗೆ ಒಬ್ಬ ಮನುಷ್ಯನೇ ತಪ್ಪಿಹೋಗಿರುತ್ತಾನೆ. ಬಂದವರನ್ನು ಹೇಗಿದ್ದೀರಿ ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲರೂ ಚೆನ್ನಾಗಿದ್ದೀನಿ ಎನ್ನುತ್ತಾರೆ. ಊರು ಯಾವುದು, ಹಿಂದಿನ ತಾಣದಲ್ಲಿ ಏನು ತಿಂದಿರಿ ಎಂದು ಕೇಳಬೇಕು. ಉತ್ತರ ತಡವರಿಸಿದರೆ ಕೂರಿಸಬೇಕು. ಎಲ್ಲರಿಗಿಂತ ಕೊನೆಯವನ ಹಿಂದೆ, ಅವನಿಗೆ ಅವಸರ ಮಾಡದೆ, ಬಿಟ್ಟೂ ಹೋಗದೆ ನಡೆಯುವವರು ಬೇರೆ ಇರುತ್ತಾರೆ. ನನ್ನ ಮಟ್ಟಿಗೆ ಇಡೀ ಓಟದಲ್ಲಿ ಅತಿ ಕಷ್ಟದ ಪಾಲು ಅವರದು. ತಮ್ಮದಲ್ಲದ ವೇಗದಲ್ಲಿ, ಅದೂ ನಿಧಾನವಾಗಿ, ಗಂಟೆಗಟ್ಟಲೆ ಹೆಜ್ಜೆ ಹಾಕುವುದು ಎಷ್ಟು ಸುಸ್ತಿನ ಕೆಲಸವೆಂದು ಮಗುವನ್ನು ಜಾತ್ರೆಗೆ ನಡೆಸಿಕೊಂಡು ಹೋದವರಿಗೆ ಗೊತ್ತಿರುತ್ತದೆ.

ಇದೆಲ್ಲ ಅತಿಯಾಯಿತು, ನೀರು ಕೊಟ್ಟರಾಯಿತು ಎನ್ನುವವರು ಎರಡು ಘಟನೆಗಳನ್ನು ಗಮನಿಸಬೇಕು. ಮೊದಲನೆಯದು 2002ರ ಬಾಸ್ಟನ್ ಮ್ಯಾರಥಾನ್. ಅಲ್ಲಿ ಓಡಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಅಂಶ ಇರಬೇಕಾದ ಮಟ್ಟಕ್ಕಿಂತ ಕೆಳಗಿತ್ತು. ಮೂವರಲ್ಲಿ ಜೀವಕ್ಕೇ ಅಪಾಯವಾಗುವಷ್ಟು ಇಳಿದಿತ್ತು. 2005ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಓಡುತ್ತಲೇ ಮೈತೂಕ ಹೆಚ್ಚಿಸಿಕೊಂಡವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ, ಈ ತೊಂದರೆ ಎದ್ದು ಕಾಣುತ್ತಿತ್ತು. ನೀರು ಕುಡಿಯದೆ ಸೊರಗಿದವನೂ ನೀರು ಹೆಚ್ಚಾಗಿ ಸೋಡಿಯಂ ಇಳಿದವನೂ ನೋಡುವುದಕ್ಕೆ ಒಂದೇ ಥರ: ತಲೆಸುತ್ತು, ವಾಕರಿಕೆ, ತೊದಲು. ಒಬ್ಬನಿಗೆ ಬದುಕು ಕೊಡುವ ಲೋಟ ಇನ್ನೊಬ್ಬನನ್ನು ಆಸ್ಪತ್ರೆಗೆ ಸೇರಿಸುತ್ತದೆ. ಇನ್ನೂ ಕುಡೀರಿ, ಇನ್ನೂ ಕುಡೀರಿ ಎನ್ನುವ ನಮ್ಮ ಉಪಚಾರದ ಒತ್ತಾಯ ಇಲ್ಲಿ ಒಳ್ಳೆಯದಲ್ಲ. ಉಪ್ಪು ಹಾಕಿದ ಮಜ್ಜಿಗೆ ಬರೀ ನೀರಿಗಿಂತ ಮೇಲು. ಆದರೆ ಅದನ್ನೂ ಬಾಯಾರಿಕೆ ಇದ್ದಷ್ಟೇ ಕುಡಿಯಬೇಕು.

ಎರಡನೆಯದು 2021ರ ಮೇ 22, ಚೀನಾದ ಗಾನ್ಸು ಪ್ರಾಂತ್ಯ. 100 ಕಿ.ಮೀ. ಬೆಟ್ಟದ ಓಟಕ್ಕೆ ಹೊರಟ 172 ಮಂದಿಯಲ್ಲಿ 21 ಮಂದಿ ಚಳಿಗೆ ಸಿಕ್ಕಿ ಸತ್ತರು. ಹವೆ ಏಕಾಏಕಿ ಕೆಟ್ಟು ಗಾಳಿ, ಆಲಿಕಲ್ಲು ಬಿದ್ದದ್ದು ನಿಜ. ಆದರೆ ಸತ್ತವರಲ್ಲಿ ಹೆಚ್ಚಿನವರು ಸಿಕ್ಕಿಬಿದ್ದದ್ದು ಎರಡನೇ ಮತ್ತು ಮೂರನೇ ತಾಣಗಳ ನಡುವಿನ ಕಡಿದಾದ ಏರಿನಲ್ಲಿ. ಮೂರನೇ ತಾಣಕ್ಕೆ ವಾಹನ ಹೋಗುವ ದಾರಿಯಿರಲಿಲ್ಲ, ಹಾಗಾಗಿ ಅಲ್ಲಿ ಬಿಸಿನೀರಾಗಲಿ ಊಟವಾಗಲಿ ಇಟ್ಟಿರಲಿಲ್ಲ. ಅತಿ ಹೆಚ್ಚು ಬೇಕಾದ ಜಾಗದಲ್ಲೇ ತಾಣ ಬರಿದಾಗಿತ್ತು. ಆ ದಿನ ಆರು ಮಂದಿಯನ್ನು ಉಳಿಸಿದ್ದು ಯಾವ ಪಟ್ಟಿಯಲ್ಲೂ ಹೆಸರಿಲ್ಲದ ಒಬ್ಬ ಕುರಿಗಾಹಿ. ಮಳೆಗೆಂದು ಗುಹೆಯೊಳಗೆ ಸೇರಿಕೊಂಡಿದ್ದವನು, ಬಂದವರನ್ನು ಒಳಗೆ ಕರೆದು ಬೆಂಕಿ ಹಾಕಿ ಕೌದಿ ಹೊದಿಸಿದ. ಓಡುವವರ ಮೈಯಲ್ಲಿ ತಾಕತ್ತು ಕಡಿಮೆಯೇನೂ ಇರಲಿಲ್ಲ. ಸತ್ತವರಲ್ಲಿ ಆ ದೇಶದ ಅತ್ಯುತ್ತಮ ದೂರದ ಓಟಗಾರರೂ ಇದ್ದರು. ಅಲ್ಲಿ ಇಲ್ಲದಿದ್ದದ್ದು ನಿಂತ ಮನುಷ್ಯ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಬರಲೇಬೇಕು. ಮಾದಪ್ಪನ ಬೆಟ್ಟಕ್ಕೆ ನಡೆಯುವವರು ಹರಕೆ ಹೊತ್ತವರು, ಪದಕಕ್ಕೆ ಓಡುವವರಲ್ಲ. ಅವರಿಗೆ ಅನ್ನ ನೀರು ಕೊಡುವುದು ದಾಸೋಹ. ಇದನ್ನು ಷೋಕಿಯ ಸೈಕಲ್ ಸವಾರಿಯ ಜೊತೆ ಇಟ್ಟು ತೂಗುವುದು ಎಷ್ಟು ಸರಿ? ಮನಸ್ಸಿನೊಳಗಿನ ಸಂಗತಿಯಾಗಿ ನೋಡಿದರೆ ಎರಡೂ ಬೇರೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅಂಗಾಲಿನ ಬೊಬ್ಬೆಗೆ ಹರಕೆ ಯಾವುದು, ಹವ್ಯಾಸ ಯಾವುದು ಗೊತ್ತಾಗುವುದಿಲ್ಲ. ಶಿವರಾತ್ರಿ ಬರುವುದು ಫೆಬ್ರುವರಿಯಲ್ಲಿ ಇಲ್ಲವೇ ಮಾರ್ಚ್ ಆರಂಭದಲ್ಲಿ. ಎಲೆಯುದುರಿದ ಕಾಡು, ನೆರಳಿಲ್ಲದ ಟಾರು ರಸ್ತೆ, ಕೆಲವರಿಗೆ ಉಪವಾಸ ಬೇರೆ. ತಾಳಬೆಟ್ಟದಿಂದ ಮೇಲಕ್ಕೆ ಆನೆ ತಲೆ ದಿಂಬದ ತಿರುವುಗಳನ್ನು ಹಾದು ಹತ್ತುವ ಹೊತ್ತಿಗೆ ಅನೇಕರು ಎರಡು ದಿನ ನಡೆದಿರುತ್ತಾರೆ, ಅವರಲ್ಲಿ ವರ್ಷವಿಡೀ ಕುರ್ಚಿಯಲ್ಲಿ ಕೂತು ದುಡಿಯುವವರೂ ಇರುತ್ತಾರೆ. ಅಭ್ಯಾಸವಿಲ್ಲದ ಮೈ, ಉದ್ದದ ದಾರಿ, ಬಿಸಿಲು, ಕಾಡು: ಯಾವುದೇ ಬೆಟ್ಟದ ಓಟದ ಆಯೋಜಕನಿಗೆ ಈ ಪಟ್ಟಿ ತೋರಿಸಿದರೆ ಅವನು ಮೊದಲು ವೈದ್ಯರನ್ನು ಹುಡುಕುತ್ತಾನೆ. ಹಾಗೆ ನೋಡಿದರೆ ಈ ಜಿಲ್ಲೆಯ ಅತಿ ದೊಡ್ಡ ಸಹನೆಯ ಪಂದ್ಯ ಮಾದಪ್ಪನ ಪರಿಷೆಯೇ. ಗೆದ್ದವರೆಂದು ಯಾರನ್ನೂ ಕರೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಎರಡು ಲೋಕಗಳೂ ಒಂದರಿಂದ ಒಂದು ಕಲಿಯುವುದು ಬಹಳವಿದೆ. ಅರವಟ್ಟಿಗೆಗೆ ಗೊತ್ತಿರುವುದು ಪ್ರಮಾಣ. ನೂರು ಜನಕ್ಕೆ ಎಷ್ಟು ಅಕ್ಕಿ, ಸಾವಿರ ಜನಕ್ಕೆ ಎಷ್ಟು ಕೊಳಗ ಮಜ್ಜಿಗೆ, ಚಿತ್ರಾನ್ನ ಹಳಸುವ ಮೊದಲು ಯಾವ ಪಾತ್ರೆ ಮುಗಿಸಬೇಕು ಎಂಬುದು ಹಳ್ಳಿಯ ಅಡುಗೆಭಟ್ಟರಿಗೆ ಕಣ್ಣಳತೆಯಲ್ಲೇ ತಿಳಿಯುತ್ತದೆ. ನಗರದ ಓಟದ ಆಯೋಜಕರು ಇದನ್ನು ದುಡ್ಡು ಕೊಟ್ಟು ಕಲಿಯುತ್ತಾರೆ. ಅರವಟ್ಟಿಗೆಗೆ ಗೊತ್ತಿಲ್ಲದ್ದು ಲೆಕ್ಕದ ಪುಸ್ತಕ. ಎಷ್ಟು ಜನ ಮೇಲೆ ಹೋದರು, ಯಾರು ಹಿಂದೆ ಉಳಿದರು ಎಂಬುದನ್ನು ಯಾವ ಶಾಮಿಯಾನವೂ ಬರೆದಿಡುವುದಿಲ್ಲ. ಕಾಡುದಾರಿಯಲ್ಲಿ ಗುಂಪಿನಿಂದ ಬೇರೆಯಾದ ಒಬ್ಬ ಮುದುಕಮ್ಮ ಮುಂದಿನ ತಾಣ ಮುಟ್ಟಿದಳೋ ಇಲ್ಲವೋ ಎಂದು ತಿಳಿಯಲು ಅವಳ ಮನೆಯವರೇ ಫೋನು ಹಿಡಿದು ಓಡಾಡಬೇಕು, ಅಲ್ಲಿ ಸಿಗ್ನಲ್ಲೂ ಇರುವುದಿಲ್ಲ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2022ರ ಜುಲೈನಲ್ಲಿ ಏಷ್ಯಾ ಮತ್ತು ಓಷಿಯಾನಿಯಾದ 24 ಗಂಟೆಗಳ ಓಟದ ಚಾಂಪಿಯನ್‌ಷಿಪ್ ನಡೆಯಿತು. 400 ಮೀಟರಿನ ಅದೇ ಟ್ರ್ಯಾಕಿನಲ್ಲಿ ಹಗಲೂ ರಾತ್ರಿ ಸುತ್ತುವ ಓಟ ಅದು. ಕಳೆದುಹೋಗಲು ಸಾಧ್ಯವೇ ಇಲ್ಲದ ಅಂಥ ಜಾಗದಲ್ಲೂ ಒಬ್ಬೊಬ್ಬರ ಒಂದೊಂದು ಸುತ್ತನ್ನೂ ದಾಖಲಿಸಬೇಕು, ಪಕ್ಕದ ಮೇಜಿನಲ್ಲಿ ಅವರವರ ತಂಡ ನಿದ್ದೆಗೆಟ್ಟು ಕಾಯಬೇಕು. ಕಳೆದುಹೋಗಲು ಸಾಕಷ್ಟು ಅವಕಾಶವಿರುವ ಕಾಡಿನಲ್ಲಿ ಮಾತ್ರ ದೇವರೇ ಗತಿ ಎನ್ನುವುದು ಮಾದಪ್ಪನ ಮೇಲೆ ವಿಪರೀತ ಭಾರ ಹೊರಿಸಿದಂತೆ.

ಇನ್ನೊಂದು ತಕರಾರು ದುಡ್ಡಿನದು. ಸಾವಿರಾರು ರೂಪಾಯಿ ಪ್ರವೇಶ ಶುಲ್ಕ ಕಟ್ಟಿಸಿಕೊಂಡು, ಪ್ರಾಯೋಜಕರ ಬ್ಯಾನರು ಕಟ್ಟಿ ಓಟ ನಡೆಸುವ ಕಂಪನಿ, ಕಾಲೇಜು ಹುಡುಗರಿಗೆ ಒಂದು ಟೀ ಷರ್ಟು ಕೊಟ್ಟು ಬೆಳಗಿನ ಮೂರರಿಂದ ದುಡಿಸಿಕೊಳ್ಳುವುದು ಸೇವೆಯೋ ಬಿಟ್ಟಿ ಚಾಕರಿಯೋ? ಈ ತಕರಾರಿಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ, ಏಕೆಂದರೆ ಅದು ಬಹುಪಾಲು ಸರಿಯಾಗಿದೆ. ಲಾಭಕ್ಕೆ ನಡೆಯುವ ಓಟದಲ್ಲಿ ವೈದ್ಯಕೀಯ, ಸಂಚಾರ ನಿಯಂತ್ರಣ, ಶೌಚಾಲಯ ಸ್ವಚ್ಛತೆ, ಇಷ್ಟಕ್ಕಾದರೂ ಕೂಲಿ ಕೊಡಲೇಬೇಕು. ಶೌಚಾಲಯದ ಕೆಲಸಕ್ಕೆ ಯಾವ ಸ್ವಯಂಸೇವಕನ ಹೆಸರೂ ಪಟ್ಟಿಯಲ್ಲಿ ಬರುವುದಿಲ್ಲ ಎಂಬುದನ್ನು ಗಮನಿಸಿದರೆ ನಮ್ಮ ಸೇವಾಭಾವದ ಗಡಿ ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ. ಆದರೆ ಎಲ್ಲ ದೂರದ ಓಟಗಳೂ ಅಂಥವಲ್ಲ. 1891ರಲ್ಲಿ ಶುರುವಾಗಿ ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿ 1,200 ಕಿ.ಮೀ.ಯದು, ಗರಿಷ್ಠ ಅವಧಿ 90 ಗಂಟೆ. ದಾರಿಯ ಹಳ್ಳಿಗಳವರು ಮನೆ ಮುಂದೆ ಮೇಜು ಹಾಕಿ ಸವಾರರಿಗೆ ಕಾಫಿ, ತಿಂಡಿ ಇಡುತ್ತಾರೆ, ಅನೇಕರು ಕಾಸು ಮುಟ್ಟುವುದಿಲ್ಲ. ಹನೂರಿನ ರಸ್ತೆಯಲ್ಲಿ ಓಡಾಡಿದವರಿಗೆ ಇದು ಹೊಸ ನೋಟವೇನಲ್ಲ. ಅಮೆರಿಕದ ವೆಸ್ಟರ್ನ್ ಸ್ಟೇಟ್ಸ್ 100 ಮೈಲಿ ಓಟದಲ್ಲಂತೂ ಓಡಬೇಕೆನ್ನುವವರು ಮೊದಲು ಕನಿಷ್ಠ 8 ಗಂಟೆ ದಾರಿ ದುರಸ್ತಿಯಂಥ ಸೇವೆ ಮಾಡಿದ್ದಕ್ಕೆ ದಾಖಲೆ ಕೊಡಬೇಕು. ಸೇವೆ ಒಂದೇ ಕಡೆಗೆ ಹರಿಯದೆ, ಇಂದು ನಿಂತವನು ನಾಳೆ ಓಡುವಂತೆ ಓಡಿದವನು ಮತ್ತೆ ನಿಲ್ಲುವಂತೆ ಮಾಡಿದರೆ ಬಿಟ್ಟಿ ಚಾಕರಿಯ ಪ್ರಶ್ನೆ ಅರ್ಧ ಕರಗುತ್ತದೆ. ಕಾಯಕ, ದಾಸೋಹ ಎರಡನ್ನೂ ಜೋಡಿಸಿ ಹೇಳಿದ ಶರಣರ ನಾಡಿನಲ್ಲಿ ಈ ನಿಯಮಕ್ಕೆ ಹೊರಗಿನ ಉದಾಹರಣೆ ಕೊಡಬೇಕಾಗಿ ಬಂದದ್ದು ಸ್ವಲ್ಪ ಮುಜುಗರದ ಸಂಗತಿ.

ಓಡಲಾಗದವರು ನಿಲ್ಲುತ್ತಾರೆ, ಅದು ಎರಡನೇ ದರ್ಜೆಯ ಪಾಲು ಎನ್ನುವ ಮಾತಿಗೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ. ಅನುಭವಿ ಓಟಗಾರನಷ್ಟು ಒಳ್ಳೆಯ ತಾಣದ ಕಾವಲುಗಾರ ಬೇರಿಲ್ಲ, ಅವನಿಗೆ ಮುಖ ನೋಡಿದರೆ ಹೊಟ್ಟೆಯೊಳಗಿನ ಸ್ಥಿತಿ ಗೊತ್ತಾಗುತ್ತದೆ.

ಇದಕ್ಕಿಂತ ಗಟ್ಟಿಯಾದ ಪ್ರಶ್ನೆ, ಒಳ್ಳೆಯ ಮನಸ್ಸಿನವರಿಂದಲೇ ಆಗುವ ಹಾನಿಯದು. ಶಾಮಿಯಾನ ಎದ್ದಲ್ಲೆಲ್ಲ ಪ್ಲಾಸ್ಟಿಕ್ ಲೋಟ, ಅಡಿಕೆ ತಟ್ಟೆ, ಅನ್ನದ ರಾಶಿ ಉಳಿಯುತ್ತದೆ. ಬೆಟ್ಟದ ಸುತ್ತಲ ಕಾಡು 2013ರಿಂದ ವನ್ಯಜೀವಿಧಾಮ. ರಸ್ತೆಬದಿಯ ಅನ್ನದ ರುಚಿ ಕಂಡ ಕಾಡುಹಂದಿ, ಕೋತಿ, ಆನೆ ಮುಂದಿನ ವರ್ಷವೂ ಅದೇ ಜಾಗಕ್ಕೆ ಬರುತ್ತವೆ, ಆಗ ಹೆದರಬೇಕಾದವರು ಪಾದಯಾತ್ರಿಗಳೇ. 2019ರ ಫೆಬ್ರುವರಿಯಲ್ಲಿ ಗುಂಡ್ಲುಪೇಟೆ ಕಡೆಯ ಬಂಡೀಪುರ ಕಾಡು ಹೊತ್ತಿ ಉರಿದಾಗ ಮೈಸೂರು, ಬೆಂಗಳೂರುಗಳಿಂದ ಸ್ವಯಂಸೇವಕರು ಬಂದರು. ಆ ಕಾಳಜಿ ದೊಡ್ಡದು. ಆದರೆ ಬೆಂಕಿರೇಖೆ ಎಲ್ಲಿದೆ, ಗಾಳಿ ಯಾವಾಗ ತಿರುಗುತ್ತದೆ ಎಂಬುದು ಅಲ್ಲಿನ ವಾಚರುಗಳಿಗೆ, ಸೋಲಿಗರಿಗೆ, ಕುರುಬರಿಗೆ ಗೊತ್ತಿರುವಂತೆ ಹೊರಗಿನಿಂದ ಬಂದವರಿಗೆ ಗೊತ್ತಿರಲು ಸಾಧ್ಯವಿಲ್ಲ. ಅಂಥ ಕಡೆ ನೀರು, ಊಟ ಹೊತ್ತು ತಂದುಕೊಡುವುದೇ ದೊಡ್ಡ ನೆರವು. ಅನ್ನದ ವಿಷಯದಲ್ಲಂತೂ ಈ ಜಿಲ್ಲೆ ಮರೆಯಲಾಗದ ಪೆಟ್ಟು ತಿಂದಿದೆ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ಸತ್ತರು. ಅದು ಅಪರಾಧದ ಪ್ರಕರಣವಾಗಿ ದಾಖಲಾಯಿತು, ಅರವಟ್ಟಿಗೆಯವರ ಅಜಾಗರೂಕತೆಗೆ ಅದನ್ನು ಹೋಲಿಸಲಾಗದು. ಆದರೂ ಅಡುಗೆ ಮಾಡಿದವರು ಯಾರು, ಎಷ್ಟು ಹೊತ್ತಿಗೆ, ಪಾತ್ರೆಯ ಪಕ್ಕ ನಿಂತಿದ್ದವರು ಯಾರು ಎಂದು ಕೇಳುವ ಹಕ್ಕು ತಿನ್ನುವವನಿಗಿದೆ ಎಂಬುದನ್ನು ಆ ದಿನ ಕಲಿಸಿತು. ಹಾನಿಯ ಭಯಕ್ಕೆ ಸೇವೆಯನ್ನೇ ನಿಲ್ಲಿಸಬೇಕೆನ್ನುವುದು ಸುಲಭದ ದಾರಿ. ಸೇವೆಗೆ ಹೆಸರು, ಹೊತ್ತು, ಜವಾಬ್ದಾರಿ ಅಂಟಿಸುವುದು ಸರಿಯಾದ ದಾರಿ.

ನೀರು ಕೊಡುವ ಕೈಯ ಇನ್ನೊಂದು ಚರಿತ್ರೆಯನ್ನು ಮರೆತು ಅರವಟ್ಟಿಗೆಯನ್ನು ಹಾಡಿಹೊಗಳಿದರೆ ಅನ್ಯಾಯವಾದೀತು. ಹಿಂದೆ ನಮ್ಮ ಅರವಟ್ಟಿಗೆಗಳಲ್ಲಿ ಕೆಲವರ ಕೈಗೆ ಚೆಂಬು ಸಿಗುತ್ತಿತ್ತು, ಕೆಲವರ ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದರು. ಓಟದ ತಾಣದ ಮೇಜಿನ ಮೇಲೆ ಲೋಟಗಳು ಸಾಲಾಗಿರುತ್ತವೆ, ಬಂದವರು ಎತ್ತಿಕೊಳ್ಳುತ್ತಾರೆ, ಪುಸ್ತಕದಲ್ಲಿ ಬೀಳುವುದು ನಂಬರು ಮಾತ್ರ. ಸೈಕಲ್ ಸವಾರರ ಲೋಕಕ್ಕೆ ತನ್ನದೇ ಆದ ಸಿರಿವಂತಿಕೆಯ ಗೋಡೆಗಳಿವೆ, ಲಕ್ಷ ರೂಪಾಯಿಯ ಸೈಕಲ್ಲಿನ ಮಾತು ಬೇರೆಯೇ ಇದೆ. ಆದರೆ ಮೇಜಿನ ಈ ಸರಳ ಏರ್ಪಾಡು ನಮ್ಮ ಊರಿನ ಪ್ರತಿ ಶಾಮಿಯಾನಕ್ಕೂ ಬರಬೇಕು: ಬಡಿಸುವವರಲ್ಲಿ ಎಲ್ಲ ಕೇರಿಯವರೂ ಇರಬೇಕು, ಹೆಣ್ಣುಮಕ್ಕಳಿರಬೇಕು. ರಾತ್ರಿ ನಡೆಯುವ ಹೆಂಗಸರಿಗೆ ಗಂಡಸರೇ ತುಂಬಿದ ಶಾಮಿಯಾನ ಆಸರೆಯಾಗಿ ಕಾಣುವುದಿಲ್ಲ.

ಇದಕ್ಕೆ ಹೊಸ ಸಂಸ್ಥೆ ಕಟ್ಟಬೇಕಾಗಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲದ ಪದವಿ ಕಾಲೇಜುಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಘಟಕಗಳಿವೆ. ಅಲ್ಲಿನ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ ಸೇವೆ ಸಲ್ಲಿಸಬೇಕು, ಆ ಗಂಟೆಗಳು ಕಾಲೇಜಿನ ಆವರಣದ ಪಾರ್ಥೇನಿಯಂ ಕೀಳುವುದರಲ್ಲಿ ಮುಗಿದುಹೋಗದಂತೆ ನೋಡಿಕೊಳ್ಳಬಹುದು. ಜಿಲ್ಲಾ ಕೇಂದ್ರದಲ್ಲಿ ವೈದ್ಯಕೀಯ ಕಾಲೇಜಿದೆ. ಬಿಸಿಲಿನ ಬಳಲಿಕೆ, ಸೋಡಿಯಂ ಇಳಿತ, ಬೊಬ್ಬೆಯ ಆರೈಕೆ ಈ ಮೂರನ್ನು ಅರ್ಧ ದಿನದಲ್ಲಿ ಹೇಳಿಕೊಡಬಹುದು. ಶಿವರಾತ್ರಿಗೆ ಮುಂಚೆ ಸಿದ್ಧತಾ ಸಭೆ ಹೇಗೂ ನಡೆಯುತ್ತದೆ. ಆ ಸಭೆಯಲ್ಲೇ ಶಾಮಿಯಾನ ಹಾಕುವವರ ಹೆಸರು, ಜಾಗ ನೋಂದಾಯಿಸಿ, ಕೌದಳ್ಳಿಯಿಂದ ಮೇಲಿನ ತಾಣಗಳಿಗೆ ತಲಾ ನಾಲ್ಕು ಗಂಟೆಯ ಪಾಳಿ ಹಂಚಿದರೆ ಕೆಲಸ ಶುರುವಾದಂತೆ. ರಾತ್ರಿ ಒಂದರಿಂದ ಐದರ ಪಾಳಿಗೆ ಮಾತ್ರ ಹೊಸಬರನ್ನು ಒಂಟಿಯಾಗಿ ಹಾಕಬಾರದು, ನಡೆಯುವವರು ಕುಸಿಯುವ ಹೊತ್ತೂ ಕಾಯುವವರು ತೂಕಡಿಸುವ ಹೊತ್ತೂ ಅದೇ. ತಾಣಕ್ಕೊಂದು ರೂಲು ಹಾಕಿದ ಪುಸ್ತಕ, ಒಂದು ಟಾರ್ಚು, ಓಆರ್‌ಎಸ್ ಪೊಟ್ಟಣ, ಪೊಟ್ಟಣದ ಮೇಲೆ ಹೇಳಿದಷ್ಟೇ ನೀರು ಅಳೆಯಲು ಲೀಟರಿನ ಪಾತ್ರೆ, ಸಿಗ್ನಲ್ ಸಿಗದ ಕಡೆ ಅರಣ್ಯ ಇಲಾಖೆಯ ಒಂದು ವಾಕಿಟಾಕಿ: ಖರ್ಚಿನ ಬಾಬ್ತು ಇದಕ್ಕಿಂತ ಹೆಚ್ಚಿಲ್ಲ. ಬ್ರೆವೆ ನಡೆಸುವವರಿಗೆ ಪುಸ್ತಕ ಬರೆಯುವ ರೀತಿ ಗೊತ್ತಿದೆ, ಗುಂಡ್ಲುಪೇಟೆಯಲ್ಲಿ ಮುದ್ರೆ ಒತ್ತಲು ಕೂರುವವರನ್ನೇ ಒಂದು ಭಾನುವಾರ ಹನೂರಿಗೆ ಕರೆಸಿ ಹುಡುಗರಿಗೆ ಹೇಳಿಕೊಡಿಸಬಹುದು. ಅವರು ವಾಪಸು ಹೋಗುವಾಗ ಸಾವಿರ ಜನಕ್ಕೆ ಮಜ್ಜಿಗೆ ಕಲೆಸುವ ಲೆಕ್ಕವನ್ನು ಇಲ್ಲಿನ ಅಡುಗೆಯವರಿಂದ ಬರೆದುಕೊಂಡು ಹೋಗಲಿ.